ಹೊಳ್ಳಿ ಕೊಡಬಾರದ ಹೆಪ್ಪು

ಹಿಂಗಾರಿ ಜೋಳದ ಸುಗ್ಗಿ ಎದ್ದಿತ್ತು. ಇಬ್ಬನಿ ಆರುವ ಮೊದಲೇ ಎರೆಹೊಲಗಳಲ್ಲಿ ಜೋಳ ಕೀಳುವ ಆಳುಗಳು ಸಾಲು ಹಿಡಿದಿದ್ದರು. ಕಿತ್ತ ದಂಟಿನ ಸಿವುಡುಗಳನ್ನು ಹೊತ್ತ ಚಕ್ಕಡಿಗಳು ಊರೊಳಗೆ ಬರುವಾಗ ಎರಡೂ ಬದಿಯ ಗೋಡೆಗಳನ್ನು ಸವರಿಕೊಂಡೇ ಬರುತ್ತಿದ್ದವು. ಹಸಿ ದಂಟು ತಿಂದ ಎಮ್ಮೆಗಳು ಎರಡೂ ಹೊತ್ತು ಕೆಚ್ಚಲು ತುಂಬಿಸಿಕೊಂಡು ಒದರುವ ಕಾಲ ಅದು. ಫಕೀರವ್ವನ ಮೊಸರು ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿಯಾಗುವುದು ವರ್ಷದಲ್ಲಿ ಈ ತಿಂಗಳೇ.

ಅವಳು ಎಮ್ಮೆ ಹಿಂಡಿ, ಕೈ ತೊಳೆದು, ಮೂಲೆಯಲ್ಲಿ ಜೋಳದ ಹೊಟ್ಟಿನ ಮೇಲೆ ಕೂರಿಸಿದ್ದ ಗಡಿಗೆಗಳ ಹತ್ತಿರ ಬಂದಳು. ಕೌದಿ ಸರಿಸಿ ಮೊದಲನೆಯ ಗಡಿಗೆಯ ಮುಚ್ಚಳ ತೆಗೆದಳು. ಕೆನೆ ಇತ್ತು. ಗಡಿಗೆಯನ್ನು ತುಸು ವಾಲಿಸಿದಾಗ ಕೆನೆ ಮುದುಡಿ, ಕೆಳಗಿನ ಹಾಲು ಅಂಚಿನವರೆಗೆ ಜಾರಿ ಬಂತು. ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದಳು. ಹುಳಿಯಿಲ್ಲ, ಒಡೆದಿಲ್ಲ. ರಾತ್ರಿ ಸುರಿದ ಹಾಲು ಬೆಳಗಿಗೂ ಹಾಲೇ ಆಗಿತ್ತು.

"ಚಳಿಗೆ ಹಂಗಾಗಿರಬೇಕು," ಎಂದು ಗಂಡ ಮಲ್ಲೇಶಪ್ಪ ಕುಡುಗೋಲು ಹೆಗಲಿಗೆ ಸಿಕ್ಕಿಸಿಕೊಳ್ಳುತ್ತ ಹೇಳಿದ. "ಕೌದಿ ಹೊಚ್ಚಬೇಕಿತ್ತು."

"ನಿಮಗ ಒಂದ ಹೊಚ್ಚಿದ್ದೆ. ಗಡಿಗಿಗೆ ಎರಡ ಹೊಚ್ಚಿದ್ದೆ," ಎಂದಳು ಫಕೀರವ್ವ.

ಅಷ್ಟರಲ್ಲಿ ಹಿಂದಿನ ಓಣಿಯ ಹಜರತಬಿ ಬಾಗಿಲಿಗೆ ಬಂದಳು. ಅವಳೂ ಮೊಸರು ಮಾರುವವಳೇ. ಫಕೀರವ್ವನ ಮುಖ ನೋಡಿದವಳು ಕೇಳಬೇಕಾದದ್ದನ್ನು ಕೇಳದೆ ಹೊಸ್ತಿಲ ಮೇಲೆ ಕುಳಿತಳು.

"ನಿಂದೂ?" ಎಂದಳು ಫಕೀರವ್ವ.

"ನಂದೂ."

ಧಾರವಾಡಕ್ಕೆ ಹೋಗುವ ಟಂಟಂ ಬಂದು ನಿಂತಾಗ ಊರ ಮೊಸರಿನ ಹೆಂಗಸರೆಲ್ಲ ಬರಿಗೈಲಿ ನಿಂತಿದ್ದರು. ಡ್ರೈವರ್ ಎರಡು ಸಲ ಹಾರ್ನ್ ಒತ್ತಿ, ಯಾರೂ ಹತ್ತದಿರುವುದನ್ನು ಕಂಡು, ಖಾಲಿ ಗಾಡಿಯನ್ನೇ ಹೊಡೆದುಕೊಂಡು ಹೋದ.

ಮೊದಲಾಗಿದ್ದರೆ ಒಬ್ಬರ ಮನೆಯ ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ಒಂದು ಚಮಚ ಇಸಿದುಕೊಂಡು ಬರುತ್ತಿದ್ದರು. ಆದರೆ ಐದಾರು ವರ್ಷದ ಕೆಳಗೆ ಬಯಲುಸೀಮೆ ಹಾಲು ಮಂಡಳಿ ಹೆಪ್ಪಿನ ಪುಡಿ ತಂದಿತ್ತು. ಸಣ್ಣ ಕಾಗದದ ಪೊಟ್ಟಣದಲ್ಲಿ ಬರುವ ಆ ಪುಡಿ ಹಾಕಿದರೆ ಯಾವ ಋತುವಿನಲ್ಲೂ ಮೂರು ತಾಸಿಗೆ ಮೊಸರು. ವಾರವಾದರೂ ಹುಳಿ ಏರದು. ರಕ್ತ ಕಡಿಮೆಯಿದ್ದ ಹೆಂಗಸರಿಗೆ ಬೇಕಾದ ಸತ್ವವನ್ನು ಅದು ಹಾಲಿನೊಳಗೇ ಹುಟ್ಟಿಸುತ್ತಿತ್ತು. ಅದು ಸುಳ್ಳಾಗಿರಲಿಲ್ಲ, ಊರಿನ ಬಾಣಂತಿಯರ ಮುಖದಲ್ಲಿ ಬಣ್ಣ ಬಂದಿತ್ತು. ಪೇಟೆಯ ಬಾಗಿಲಲ್ಲಿ ಮಂಡಳಿಯವನು ಪ್ರತಿ ಗಡಿಗೆಗೂ ಒಂದು ಕಾಗದದ ಕಡ್ಡಿ ಅದ್ದಿ ನೋಡುತ್ತಿದ್ದ. ಕಡ್ಡಿ ನೀಲಿಯಾದರೆ ಪುಡಿಯ ಮೊಸರು, ಒಳಗೆ ಬಿಡು. ಆಗದಿದ್ದರೆ ಮನೆ ಹೆಪ್ಪಿನದು, ತಿರುಗಿ ಹೋಗು. ಹೀಗೆ ಒಂದೊಂದೇ ಮನೆಯ ಹಳೆಯ ಹೆಪ್ಪು ಬಚ್ಚಲಿಗೆ ಹೋಗಿತ್ತು. ಊರಿಗೆ ಆ ಪುಡಿ ತಂದವಳು, ಮನೆ ಮನೆ ತಿರುಗಿ ಒಪ್ಪಿಸಿದವಳು, ಫಕೀರವ್ವನ ಮಗಳು ದಾಕ್ಷಾಯಣಿ. ಮಂಡಳಿಯ ಪ್ರಯೋಗಶಾಲೆಯಲ್ಲಿ ಅವಳಿಗೆ ಕೆಲಸ.

* * *

ಪ್ರಯೋಗಶಾಲೆಯಲ್ಲಿ ಆ ಹೊತ್ತಿಗೆ ಕೂರಲು ಯಾರಿಗೂ ಸಮಾಧಾನವಿರಲಿಲ್ಲ. ನಾಲ್ಕು ಜಿಲ್ಲೆಗಳಿಂದ ಬಂದ ಹಾಲಿನ ಬಾಟಲಿಗಳು ಮೇಜಿನ ಮೇಲೆ, ಕಿಟಕಿಯ ಕೆಳಗೆ, ನೆಲದ ಮೇಲೆ ನಿಂತಿದ್ದವು. ಎಲ್ಲವೂ ಹೆಪ್ಪು ಹಾಕಿದ ಹಾಲು, ಒಂದೂ ಮೊಸರಾಗಿರಲಿಲ್ಲ.

ದಾಕ್ಷಾಯಣಿ ಸೂಕ್ಷ್ಮದರ್ಶಕದ ಪರದೆಯ ಮುಂದೆ ನಿಂತೇ ಇದ್ದಳು. ಮೊಸರು ಮಾಡುವ ಬ್ಯಾಕ್ಟೀರಿಯಾ ಸರಪಳಿಯಂತೆ ಸಾಲಾಗಿ ಕಾಣಬೇಕಿದ್ದ ಜಾಗದಲ್ಲಿ ಒಡೆದ ಸಿಪ್ಪೆಗಳಿದ್ದವು. ಅವುಗಳ ನಡುವೆ, ಅವಕ್ಕಿಂತ ಎಷ್ಟೋ ಪಾಲು ಚಿಕ್ಕದಾದ, ಮೂಲೆಗಳುಳ್ಳ ತಲೆ ಮತ್ತು ಉದ್ದ ಬಾಲದ ವೈರಸ್ಸುಗಳು ಚೆಲ್ಲಿದ ಎಳ್ಳಿನಂತೆ ಹರಡಿದ್ದವು.

"ಫೇಜ್," ಎಂದರು ಹಿರಿಯ ವಿಜ್ಞಾನಿ ಇನಾಮತಿ. "ಬ್ಯಾಕ್ಟೀರಿಯಾಕ್ಕ ಬರೋ ಬ್ಯಾನಿ. ಎಲ್ಲಾ ಹಾಲಿನ್ಯಾಗ ಇರ್ತಾವ ಇವು. ಈ ಸಲ ನಮ್ಮ ಪುಡೀದ ಬೀಗಕ್ಕ ಹೊಂದೋ ಕೀಲಿ ಇದಕ್ಕ ಸಿಕ್ಕೇತಿ, ಅಷ್ಟ."

"ಎಲ್ಲಾ ಮನಿಗೂ ಒಂದ ಬೀಗ ಹಾಕಿದವ್ರು ನಾವ ಸರ್."

ಇನಾಮತಿಯವರು ಕನ್ನಡಕ ತೆಗೆದು ಒರೆಸಿದರು. ಅದು ಆಗಲೇ ಸ್ವಚ್ಛವಾಗಿತ್ತು.

ಮೊಸರಿನ ಬ್ಯಾಕ್ಟೀರಿಯಾಕ್ಕೆ ನೆನಪು ಇರುತ್ತದೆ ಎಂಬುದನ್ನು ದಾಕ್ಷಾಯಣಿ ಓದುವಾಗ ಮೊದಲು ನಂಬಿರಲಿಲ್ಲ. ವೈರಸ್ಸಿನ ದಾಳಿಗೆ ಸಿಕ್ಕು ಬದುಕಿದ ಬ್ಯಾಕ್ಟೀರಿಯಾ ಆ ವೈರಸ್ಸಿನ ಒಂದು ಚೂರನ್ನು ಕತ್ತರಿಸಿ ತನ್ನ ವಂಶವಾಹಿಯೊಳಗೆ ಸೇರಿಸಿಕೊಳ್ಳುತ್ತದೆ. ಹಳೆಯ ಸೀರೆಯ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಕೌದಿ ಹೊಲಿದ ಹಾಗೆ. ಮುಂದೆ ಅಂಥದೇ ವೈರಸ್ಸು ಬಂದರೆ ಆ ತುಂಡಿಗೆ ಹೋಲಿಸಿ ನೋಡಿ ಅದನ್ನು ಕತ್ತರಿಸಿ ಹಾಕುತ್ತದೆ. ಮನೆಮನೆಯಲ್ಲಿ ತಲೆತಲಾಂತರ ಬೆಳೆದ ಹೆಪ್ಪಿನಲ್ಲಿ ಇಂಥ ಕೌದಿಗಳು ನೂರಾರು ಬಗೆಯವು. ಪುಡಿಯಲ್ಲಿ ಇದ್ದದ್ದು ಒಂದೇ ಕೌದಿ. ಹಳ್ಳಿಗಳಿಂದ ಮೊದಲು ತಂದಿದ್ದ ಬೇರೆ ತಳಿಗಳನ್ನು, ಒಂದು ಒಳ್ಳೆಯದು ಸಿಕ್ಕಿದ ಮೇಲೆ ಉಳಿದವು ಯಾತಕ್ಕೆ ಎಂದು ಮಂಡಳಿ ಕೈಬಿಟ್ಟಿತ್ತು.

"ಹಳೇ ಹೆಪ್ಪು ಯಾರಾದ್ರೂ ಇಟ್ಟಿರ್ತಾರ," ಎಂದರು ಇನಾಮತಿ. "ನಿಮ್ಮೂರಾಗ ವಿಚಾರಿಸು."

ದಾಕ್ಷಾಯಣಿ ವಿಚಾರಿಸಬೇಕಾಗಿರಲಿಲ್ಲ. ಯಾರ ಮನೆಯಲ್ಲಿದೆ ಎಂದು ಅವಳಿಗೆ ಗೊತ್ತಿತ್ತು.

* * *

ಅವಳು ಊರಿಗೆ ಬಂದಾಗ ಫಕೀರವ್ವ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಬೆಚ್ಚಗಿನ ಹಾಲಿಗೆ ಹಾಕುತ್ತಿದ್ದಳು. ತೊಟ್ಟಿನ ಮೇಲೂ ಹುಳಿ ಬರಿಸುವ ಜೀವಗಳಿರುತ್ತವೆ. ಹೆಪ್ಪು ಇಲ್ಲದಾಗ ಹಾಗೆ ಮಾಡುವುದುಂಟು. ಎರಡು ದಿನದಿಂದ ಅದನ್ನೇ ಮಾಡಿ, ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕಿ, ಮತ್ತೆ ಮುಚ್ಚುತ್ತಿದ್ದಳು. ಮೊಸರೇನೋ ಆಗಿತ್ತು. ಚಮಚಕ್ಕೆ ಎತ್ತಿದರೆ ಲೋಳೆಯಂತೆ ಎಳೆಯಾಗಿ ಇಳಿಯುತ್ತಿತ್ತು. ಹಜರತಬಿ ಅದನ್ನೇ ಪೇಟೆಯ ಬಾಗಿಲ ಹೊರಗೆ ಮಾರಲು ಹೋಗಿ ಗಿರಾಕಿಗಳ ಬಾಯಿಂದ ಬೈಸಿಕೊಂಡು ಬಂದಿದ್ದಳು.

"ಹಾಲು ಡೇರಿಗೆ ಹಾಕ್ರಿ ಅಂತಾನ ನಿಮ್ಮಪ್ಪ," ಎಂದಳು ಫಕೀರವ್ವ. "ಡೇರಿಯವ್ರೂ ಒಲ್ಲೆ ಅಂತಾರ. ಅವರಿಗೂ ಮೊಸರಾಗವಲ್ದು, ಇಷ್ಟ ಹಾಲು ತಗೊಂಡು ಏನ್ ಮಾಡ್ತಾರ. ಹಿಂಗ ಹದಿನೈದ ದಿನ ನಡದ್ರ ಎಮ್ಮಿ ಕೊಡೂದ. ಕಟುಕ ನಿನ್ನೆ ಬಂದು ನೋಡಿ ಹೋದ."

"ಯವ್ವಾ, ದೊಡ್ಡವ್ವನ ಮನ್ಯಾಗ ಹೆಪ್ಪು ಐತಿ."

ಫಕೀರವ್ವನ ಕೈ ನಿಂತಿತು. ನಡುವೆ ಒಂದು ಗೋಡೆ. ಆಚೆ ಬಾಳವ್ವನ ಮನೆ. ಬಾಳವ್ವ ಮಲ್ಲೇಶಪ್ಪನ ಅಣ್ಣನ ಹೆಂಡತಿ, ಫಕೀರವ್ವನ ಹಿರಿಯ ನೆಗೆಣ್ಣಿ. ಅಣ್ಣತಮ್ಮಂದಿರು ಬೇರೆಯಾದ ದಿನ ಹೊಸ ಒಲೆ ಹೂಡಿದ ಫಕೀರವ್ವನಿಗೆ ಮೊದಲ ಹೆಪ್ಪು ಕೊಟ್ಟವಳು ಅವಳೇ. ಆ ಹೆಪ್ಪಿನಿಂದಲೇ ಮೊಸರಿನ ದಂಧೆ ಶುರುವಾಗಿ, ಮಗಳ ಓದೂ ಆಗಿತ್ತು.

ಆ ಊರಲ್ಲಿ ಇಸಿದುಕೊಂಡ ಹೆಪ್ಪನ್ನು ಕೊಟ್ಟವರಿಗೆ ಹೊಳ್ಳಿ ಕೊಡುವ ಹಾಗಿಲ್ಲ. ಉಪ್ಪು, ಹಿಟ್ಟು, ಎಣ್ಣೆ ಏನು ಇಸಿದುಕೊಂಡರೂ ಹೊಳ್ಳಿ ಕೊಡಬೇಕು. ಹೆಪ್ಪು ಮಾತ್ರ ಕೊಡಬಾರದು. ಕೊಟ್ಟರೆ ಇನ್ನು ನಿನಗೂ ನನಗೂ ಏನೂ ಇಲ್ಲ ಎಂದ ಹಾಗೆ. ಯಾಕೆ ಎಂದು ಯಾರೂ ಕೇಳಿದವರಲ್ಲ. ಪುಡಿ ಬಂದ ವರ್ಷ ಬಾಳವ್ವ ಹತ್ತು ಜನರ ಮುಂದೆ, "ಕಾಗದದಾಗ ಬರೂದು ಔಷಧ. ಹೆಪ್ಪು ಕೈಯಾಗ ಬರಬೇಕು. ಆ ಹುಡುಗಿ ನಾಲ್ಕ ಅಕ್ಷರ ಕಲ್ತು ತಾಯಿ ಗಡಿಗಿಗೆ ಔಷಧ ಹಾಕಾಕ ಹತ್ತಾಳ," ಎಂದಿದ್ದಳು. ಮಗಳನ್ನು ಅಂದದ್ದು ಫಕೀರವ್ವನಿಗೆ ತಡೆದುಕೊಳ್ಳಲಾಗಲಿಲ್ಲ. ಪುಡಿಯ ಮೊಸರನ್ನು ಒಂದು ವಾಟಿಯಲ್ಲಿ ತುಂಬಿ ಬಾಳವ್ವನ ಕಟ್ಟೆಯ ಮೇಲೆ ಇಟ್ಟು, "ನಿಮ್ಮ ಹೆಪ್ಪಿನ ಸಾಲ ತೀರಿತು," ಎಂದು ಬಂದಿದ್ದಳು. ಅಂದಿನಿಂದ ಗೋಡೆಯ ಈಚೆ ಆಚೆ ಮಾತಿರಲಿಲ್ಲ.

"ನಾ ಹೋಗಿ ಕೇಳ್ಲೇನು?" ಎಂದಳು ದಾಕ್ಷಾಯಣಿ.

"ನೀ ಕೇಳಿದ್ರ ಮಂಡಳಿ ಕೇಳಿದಂಗ ಆಕ್ಕೇತಿ. ಕೂಡು."

ಫಕೀರವ್ವ ಕೊಟ್ಟಿಗೆಗೆ ಹೋದಳು, ಬಂದಳು. ಸೆರಗು ಬಿಚ್ಚಿ ಮತ್ತೆ ಸಿಕ್ಕಿಸಿಕೊಂಡಳು. ಹೊತ್ತು ಇಳಿಯುತ್ತಿತ್ತು, ದೀಪ ಹಚ್ಚಿದ ಮೇಲೆ ಹೆಪ್ಪು ಯಾರೂ ಕೊಡುವುದಿಲ್ಲ. ಕೊನೆಗೆ ಒಂದು ಖಾಲಿ ವಾಟಿ ತೆಗೆದುಕೊಂಡು ಹೊರಟಳು.

ಬಾಳವ್ವ ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದಳು.

"ಯಕ್ಕಾ."

ಬಾಳವ್ವ ತಿರುಗಲಿಲ್ಲ. "ಯಾರು?"

"ನಾನು."

"ನಾನು ಅಂದ್ರ? ಊರ ತುಂಬ ನಾನುಗೋಳ ಅದಾವ."

"ಫಕೀರವ್ವ."

"ಓ. ಔಷಧದ ಮೊಸರಿನಾಕಿ." ಒಂದು ಕುಳ್ಳನ್ನು ಗೋಡೆಗೆ ಬಡಿದಳು. "ಏನ್ ಬಂದಿ?"

"ಹೆಪ್ಪು ಬೇಕಾಗಿತ್ತು."

"ಲೆಕ್ಕ ಮುಗಿಸಿ ಹೋಗಿದ್ದೆಲ್ಲ? ಕಟ್ಟಿ ಮ್ಯಾಲೆ ವಾಟಿ ಇಟ್ಟು, ಮಂದಿ ಮುಂದ."

"ತಪ್ಪಾತು."

"ತಪ್ಪಾತು ಅಂದ್ರ ಹಾಲು ಮೊಸರಾಕ್ಕೇತೇನು?"

ಫಕೀರವ್ವ ವಾಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಬರುವಾಗ ದಾರಿಯಲ್ಲಿ ಹೇಳಿಕೊಂಡ ಮಾತೆಲ್ಲ ಮರೆತು, ಹೇಳಿಕೊಳ್ಳದ ಮಾತು ಬಾಯಿಗೆ ಬಂತು.

"ಹಂಗಾರ ಅವತ್ತ ನಾ ಕೊಟ್ಟ ಮೊಸರ ಹೊಳ್ಳಿ ಕೊಡು. ಅದು ನನಗ ಹೊಳ್ಳಿ ಬಂದ್ರ ನಾ ಕೊಟ್ಟ ಇಲ್ಲ ಅಂದಂಗಾತು. ಸಾಲ ಇದ್ದಲ್ಲೇ ಇರ್ತೇತಿ."

ಬಾಳವ್ವ ಈಗ ತಿರುಗಿದಳು. ಸೆಗಣಿಯ ಕೈಗಳನ್ನು ಮುಂದೆ ಚಾಚಿಕೊಂಡೇ ಅವಳನ್ನು ಮೇಲೆ ಕೆಳಗೆ ನೋಡಿದಳು.

"ವಕೀಲಕಿ ಎಲ್ಲೆ ಕಲ್ತಿ? ಮಗಳ ಕಡೆನ?"

"ಇದ್ರ ಕೊಡು, ಇಲ್ಲಾಂದ್ರ ಇಲ್ಲನ್ನು."

"ಐತಿ. ಚೆಲ್ಲಿಲ್ಲ. ತಿನ್ನೂದನ್ನ ಚೆಲ್ಲಾಕ ಬರ್ತೇತೇನು? ಅವತ್ತ ನನ್ನ ಗಡಿಗ್ಯಾಗ ಸುರವಿದೆ. ಬೈದೂ ಬೈದೂ ಸುರವಿದೆ. ಅಲ್ಲೇ ಕೂಡಿ ಹೋತು." ಬಾಳವ್ವ ಕೈ ತೊಳೆಯಲು ಬಾನಿಯ ಹತ್ತಿರ ಹೋದಳು. "ಯಾವುದು ನಂದು, ಯಾವುದು ನಿಂದು, ಆರಿಸಿಕೊಂಡು ಹೋಗು."

"ಆರಸಾಕ ಬರಂಗಿಲ್ಲಲ್ಲ ಯಕ್ಕಾ."

"ಬರದಿದ್ರ ಕೂಡೇ ಒಯ್ಯಿ. ಏನ್ ಮಾಡೂದು."

ಒಳಗಿನಿಂದ ಅವಳು ತಂದದ್ದು ಚಮಚದ ಹೆಪ್ಪಲ್ಲ, ವಾಟಿ ತುಂಬ ಮೊಸರು. ಕೊಡುವಾಗ ವಾಟಿಯನ್ನು ತುಸು ಹೊತ್ತು ಬಿಡದೆ ಹಿಡಿದಳು. "ಹೊಳ್ಳಿ ತರಬ್ಯಾಡ."

"ಇಲ್ಲ."

"ಸತ್ರೂ ತರಬ್ಯಾಡ."

* * *

ಮರುದಿನ ಬೆಳಿಗ್ಗೆ ಫಕೀರವ್ವನ ಗಡಿಗೆ ವಾಲಿಸಿದರೆ ಮೊಸರು ಕದಲಲಿಲ್ಲ. ತೊಟ್ಟಿನ ಲೋಳೆ ಮೊಸರಿನ ಗಡಿಗೆಯನ್ನು ತೊಳೆಯದೆ, ಅದರಲ್ಲೇ ಹಾಲು ಸುರಿದು ಬಾಳವ್ವನ ಹೆಪ್ಪು ಹಾಕಿದ್ದಳು, ಅವಸರದಲ್ಲಿ ಹಾಗಾಗಿತ್ತು. ಅವಳು ಹಜರತಬಿಗೆ ಕೊಟ್ಟಳು. ಊರ ಉಳಿದವರು ನೇರ ಬಾಳವ್ವನ ಬಾಗಿಲಿಗೇ ಹೋದರು. ಬಾಳವ್ವ ಬಂದವರಿಗೆಲ್ಲ ಒಂದು ಮಾತು ಅಂದು, ಒಂದು ಚಮಚ ಕೊಟ್ಟಳು. ಪೇಟೆಯ ಬಾಗಿಲಲ್ಲಿ ಕಡ್ಡಿ ನೀಲಿಯಾಗಲಿಲ್ಲ. ಆದರೂ ಒಳಗೆ ಬಿಡುವಂತೆ ದಾಕ್ಷಾಯಣಿ ಇನಾಮತಿಯವರಿಂದ ಮೊದಲೇ ಹೇಳಿಸಿದ್ದಳು. ಕಡ್ಡಿಯವನು ಕಡ್ಡಿಯನ್ನು ಜೇಬಿಗೆ ಹಾಕಿ ತಾನೇ ಅರ್ಧ ಲೀಟರ್ ಕೊಂಡ.

ಪ್ರಯೋಗಶಾಲೆಯಲ್ಲಿ ದಾಕ್ಷಾಯಣಿಗೆ ನಿದ್ದೆ ಊಟದ ನೆನಪಿರಲಿಲ್ಲ. ಬಾಳವ್ವನ ಮೊಸರಿನಿಂದ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಬೇರ್ಪಡಿಸಿ, ಎಲ್ಲಕ್ಕಿಂತ ಚುರುಕಾದದ್ದನ್ನು ಆರಿಸಿ ಬೆಳೆಸಿದಳು. ವೈರಸ್ಸು ಅದನ್ನು ಏನೂ ಮಾಡಲಿಲ್ಲ. ಇನಾಮತಿಯವರು ಪುಡಿ ಮಾಡುವ ಯಂತ್ರ ತೊಳೆಸಿದರು. ಆದರೆ ಮತ್ತೆ ಮತ್ತೆ ಹೊಸ ಹಾಲಿಗೆ ದಾಟಿಸುತ್ತ ಹೋದಾಗ ಒಂದು ಬೆಳಿಗ್ಗೆ ಆ ತಳಿಯ ಬಾಟಲಿಯೂ ಹಾಲಾಗಿಯೇ ನಿಂತಿತ್ತು. ವೈರಸ್ಸು ತನ್ನ ವಂಶವಾಹಿಯ ಒಂದಕ್ಷರ ಬದಲಿಸಿಕೊಂಡಿತ್ತು, ಅಷ್ಟೇ. ಎರಡನೆಯ ತಳಿ ಆರಿಸಿದಳು. ಅದೂ ಅದೇ ದಾರಿ ಹಿಡಿಯಿತು.

ಅದೇ ವಾರ ಮನೆಯಿಂದ ಫೋನ್ ಬಂತು.

"ಬಾಳಕ್ಕನ ಹೆಪ್ಪು ಸತ್ತೇತಿ," ಎಂದಳು ಫಕೀರವ್ವ. ದನಿ ಸಣ್ಣದಾಗಿತ್ತು. "ಎರಡ ದಿನ ಆತು, ಮೊಸರಾಗಿಲ್ಲ. ಯಾರ ಮುಂದೂ ಹೇಳಿಲ್ಲ ಆಕಿ. ಹಾಲು ಬೆಕ್ಕಿಗೆ ಸುರವೂದ ನಾ ಗ್ವಾಡಿ ಮ್ಯಾಲಿಂದ ನೋಡಿದೆ."

"ನಿಂದು?"

"ನಂದು ಚಲೋ ಐತಿ. ಹಜರತಬಿದೂ ಐತಿ. ಆಕಿದ ಹೋತು ನೋಡು."

ದಾಕ್ಷಾಯಣಿ ಸಂಜೆಯ ಹೊತ್ತಿಗೆ ಊರಿಗೆ ಬಂದಳು. ಫಕೀರವ್ವ ಅಂಗಳದಲ್ಲಿ ಅತ್ತ ಇತ್ತ ಓಡಾಡುತ್ತಿದ್ದಳು. ಗೋಡೆಯವರೆಗೆ ಹೋಗುವುದು, ನಿಲ್ಲುವುದು, ತಿರುಗಿ ಬರುವುದು. ಒಲೆಯ ಮೇಲೆ ರೊಟ್ಟಿ ಸುಡುತ್ತಿತ್ತು.

"ಇದರಾಗ ವಿಚಾರ ಮಾಡೂದೇನೈತಿ?" ಎಂದು ದಾಕ್ಷಾಯಣಿ ಗಡಿಗೆಯಿಂದ ಒಂದು ವಾಟಿ ಮೊಸರು ತೋಡಿಕೊಂಡಳು. "ನಾ ಕೊಟ್ಟು ಬರ್ತೇನಿ."

ಫಕೀರವ್ವ ಮಗಳ ಮಣಿಕಟ್ಟು ಹಿಡಿದಳು. ಮೊಸರು ಇಬ್ಬರ ಕೈಯ ಮೇಲೂ ಚೆಲ್ಲಿತು.

"ಈ ಮನಿಯಿಂದ ಹೋದ್ರ ತೀರಿಸಿದಂಗ. ಮತ್ತೊಮ್ಮೆ ತೀರಿಸಂಗಿಲ್ಲ ನಾನು."

"ಆಕಿ ಮೊಸರಿಲ್ಲದ ಕೂತಾಳ, ನೀ ಸಾಲದ ಲೆಕ್ಕಾ ಹಿಡದಿ."

"ಕೂತಾಳ ಅಂತನ ನನಗ ನಿಂತಲ್ಲಿ ನಿಲ್ಲಾಕ ಆಗವಲ್ದು. ಆದ್ರ ಕೊಟ್ರ ತಗೊಳಂಗಿಲ್ಲ ಆಕಿ. ತಗೊಂಡ್ರೂ ಅದು ತಗೊಂಡಂಗಲ್ಲ." ಫಕೀರವ್ವ ಕೈ ಬಿಟ್ಟು, ಸೆರಗಿನಿಂದ ಮಗಳ ಕೈ ಒರೆಸಿದಳು. ಆಮೇಲೆ ತುಸು ಹೊತ್ತು ಓಣಿಯ ಕಡೆ ನೋಡಿದಳು. "ಹಜರತಬಿ ಕೆಂಚವ್ವಗ ಕೊಡಬಹುದಲ್ಲ. ಕೆಂಚವ್ವನ ಕೈಯಿಂದ ಹೋದ್ರ ಅದು ನಾ ತೀರಿಸಿದಂಗಲ್ಲ."

ತಳವಾರ ಓಣಿಯ ಕೆಂಚವ್ವನ ಮನೆ ಊರ ಆ ತುದಿಗೆ. ಅವಳ ಎಮ್ಮೆ ಈದು ವಾರವಾಗಿತ್ತಷ್ಟೆ, ಅವಳಿಗೆ ಹೆಪ್ಪು ಬೇಕೇ ಇತ್ತು. ಕೆಂಚವ್ವ ಹುಣಸೆಹಣ್ಣಿನ ಚೂರು ಹಾಕಿ ಹಾಲಿಗೆ ಹುಳಿ ಬರಿಸಿಕೊಂಡಿದ್ದಳು. ಹಜರತಬಿ ತನ್ನ ಮನೆಯದನ್ನು ತಂದು ಅದಕ್ಕೆ ಸೇರಿಸಿದಳು. ಅವಳಿಗೆ ಫಕೀರವ್ವ ಏನನ್ನೂ ಬಿಡಿಸಿ ಹೇಳಲಿಲ್ಲ. "ಕೆಂಚವ್ವನ ಮನ್ಯಾಗ ಮೊಸರಾದ್ರ ಬಾಳಕ್ಕನ ಬಾಗಲಾ ಹತ್ತರ ಅಲ್ಲೇನು," ಎಂದಳು ಅಷ್ಟೇ. ಹಜರತಬಿ, "ಹತ್ತರೇನ ಬಂತು, ಊರ ಸುತ್ತಿ ಬರಬೇಕು," ಎಂದು ನಕ್ಕು ಹೋದಳು.

ದಾಕ್ಷಾಯಣಿ ಅಂಗಳದ ಕಲ್ಲಿನ ಮೇಲೆ ಕುಳಿತಳು. ತಾಯಿಯ ಗಡಿಗೆಯಲ್ಲಿ ಬಾಳವ್ವನ ಹೆಪ್ಪಿನ ಜೊತೆಗೆ ಮೆಣಸಿನ ತೊಟ್ಟಿನ ಜೀವಗಳಿದ್ದವು. ಹಜರತಬಿಯದರಲ್ಲಿ ಅವಳ ಮನೆಯದೇನೋ ಸೇರಿತ್ತು. ಕೆಂಚವ್ವನದರಲ್ಲಿ ಇನ್ನೇನೋ. ಬಾಳವ್ವ ಬರೀ ಕೊಟ್ಟಿದ್ದಳು, ಆ ಒಂದು ವಾಟಿ ಪುಡಿಯ ಮೊಸರು ಬಿಟ್ಟರೆ ಯಾರಿಂದಲೂ ಏನೂ ಒಳಗೆ ಬಂದಿರಲಿಲ್ಲ. ಅವಳ ಗಡಿಗೆಗೆ ಬದಲಾದ ವೈರಸ್ಸಿನ ದಾರಿ ಸುಲಭವಾಗಿತ್ತು. ಹೆಪ್ಪನ್ನು ಕೊಟ್ಟವರಿಗೇ ಹೊಳ್ಳಿ ಕೊಟ್ಟಿದ್ದರೆ ಅದು ಎರಡು ಮನೆಗಳ ನಡುವೆಯೇ ಓಡಾಡಿ ಅಲ್ಲೇ ಸಾಯುತ್ತಿತ್ತು. ಕೊಡಬಾರದು ಎಂದಿದ್ದರಿಂದ ಅದು ಮುಂದಿನ ಮನೆಗೆ ಹೋಗಲೇಬೇಕಿತ್ತು, ಪ್ರತಿ ಮನೆಯಲ್ಲೂ ಒಂದು ತುಂಡು ಹೊಲಿಸಿಕೊಂಡು. ಇದು ಸರಿಯೇ, ಅಥವಾ ತನ್ನ ಕಲ್ಪನೆಯೇ ಎಂದು ಅವಳಿಗೆ ಖಚಿತವಿರಲಿಲ್ಲ. ನೋಡಲು ವರ್ಷಗಳು ಬೇಕಾಗುತ್ತವೆ.

ಅವಳು ಇನಾಮತಿಯವರಿಗೆ ಫೋನ್ ಮಾಡಿದಳು.

"ನಿಮ್ಮ ತಾಯಿ ಮೊಸರು ತಗೊಂಡು ಬಾ," ಎಂದರು ಅವರು. "ಅದನ್ನ ಪುಡಿ ಮಾಡೂಣು. ಮ್ಯಾಲಿನವ್ರು ದಿನಾ ಕೇಳಾಕತ್ತಾರ."

"ಪುಡಿ ಮಾಡಿದ್ರ ಅದು ಇವತ್ತಿಗೆ ನಿಂತು ಬಿಡ್ತೇತಿ ಸರ್. ವೈರಸ್ಸು ನಿಲ್ಲಂಗಿಲ್ಲ. ಅದು ಮನಿಯಿಂದ ಮನಿಗೆ ಹೋಗಬೇಕು."

"ಹಂಗಾರ ನಾವು ಮಾಡೂದೇನವಾ?"

"ಕಡ್ಡಿ ಅದ್ದೂದು ಬಿಡಬೇಕು. ಮೊದಲ ಅದು."

"ಬಾಣಂತ್ಯಾರಿಗೆ ಸತ್ವ ಸಿಗತಿತ್ತು ದಾಕ್ಷಾಯಣಿ," ಎಂದರು ಇನಾಮತಿ. "ಅದನ್ನೂ ಬಿಡೂದೇನು?"

ಅದಕ್ಕೆ ದಾರಿ ಇನ್ನೂ ಹುಡುಕಬೇಕು ಎಂದಳು.

ಮೂರನೆಯ ದಿನ ಹಗಲು ಫಕೀರವ್ವ ಒಣಗಿದ ದಂಟಿನ ಕಣಿಕೆ ಒಟ್ಟುತ್ತಿದ್ದಾಗ ಗೋಡೆಯ ಆಚೆಯಿಂದ ಕೆಮ್ಮು ಕೇಳಿಸಿತು. ಬಾಳವ್ವ ಕಲ್ಲಿನ ಮೇಲೆ ನಿಂತು ಮುಖ ಮಾತ್ರ ತೋರಿಸಿದಳು.

"ಕೆಂಚವ್ವ ನಿನ್ನೆ ಹೆಪ್ಪು ತಂದು ಕೊಟ್ಲು," ಎಂದಳು. "ನಾ ಕೇಳಿರಲಿಲ್ಲ."

"ಹೌದೇನ ಯಕ್ಕಾ? ಮೊಸರಾತೇನು?"

"ಆತು. ಗಟ್ಟಿ ಐತಿ." ಬಾಳವ್ವ ಬಾಯಿ ಚಪ್ಪರಿಸಿದಳು. "ಸ್ವಲ್ಪ ಹುಣಸಿಹಣ್ಣಿನ ಹುಳಿ. ಒಳಗ ಎಲ್ಲೋ ಮೆಣಸಿನಕಾಯಿ ವಾಸನಿ."

"ಕೆಂಚವ್ವನ ಕೈಗುಣ."

"ಕೆಂಚವ್ವಂದು." ಬಾಳವ್ವ ಅವಳನ್ನೇ ನೋಡುತ್ತ ನಿಂತಳು. ಕೆಳಗಿಳಿಯಲು ಒಂದು ಕಾಲು ಇಳಿಸಿ, ಮತ್ತೆ ಮುಖ ಮೇಲೆತ್ತಿದಳು. "ನಿಂದು ಹಂಗ ಬಾಕಿ ಐತಿ. ನೆನಪಿರಲಿ."

"ಇರಲಿ ಬಿಡ ಯಕ್ಕಾ," ಎಂದಳು ಫಕೀರವ್ವ, ಮುಂದಿನ ಸಿವುಡಿಗೆ ಬಗ್ಗುತ್ತ.